ಬೆಳಿಗ್ಗೆ ಮಾತ್ರ ಹಟ ಮಾಡುವ ಕಂಪ್ಯೂಟರ್: ತೊಂದರೆ ಎಲ್ಲಿದೆ?

ಪ್ರಶ್ನೆ: ನಮ್ಮ ಮನೆಯ ಡೆಸ್ಕ್‌ಟಾಪ್ ಕಂಪ್ಯೂಟರಿಗೆ ಆರು ವರ್ಷವಾಗಿದೆ. ಒಂದು ತಿಂಗಳಿಂದ ಬೆಳಿಗ್ಗೆ ಮೊದಲ ಸಲ ಬಟನ್ ಒತ್ತಿದಾಗ ಸಿಪಿಯು ಒಳಗಿನ ಫ್ಯಾನ್ ತಿರುಗುತ್ತದೆ, ದೀಪವೂ ಉರಿಯುತ್ತದೆ, ಆದರೆ ಮಾನಿಟರ್ ಕಪ್ಪಾಗಿಯೇ ಇರುತ್ತದೆ. ಬಟನ್ ಅದುಮಿ ಹಿಡಿದು ಆರಿಸಿ ಮತ್ತೆ ಹಾಕುತ್ತೇನೆ. ಹೀಗೆ ಮೂರು ನಾಲ್ಕು ಸಲ ಮಾಡಿದ ಮೇಲೆ ಚಾಲೂ ಆಗುತ್ತದೆ. ಕೆಲವು ದಿನ ನೀಲಿ ಪರದೆಯಲ್ಲಿ ದುರಸ್ತಿಯ ಸಂದೇಶ ಬರುತ್ತದೆ. ಒಮ್ಮೆ ಶುರುವಾದರೆ ರಾತ್ರಿಯವರೆಗೂ ತೊಂದರೆಯಿಲ್ಲ. ಗಡಿಯಾರ ಮಾತ್ರ ಹಳೆಯ ದಿನಾಂಕ ತೋರಿಸುತ್ತಿರುತ್ತದೆ. ಪರಿಚಯದವರೊಬ್ಬರು ಮದರ್‌ಬೋರ್ಡ್ ಹೋಗಿದೆ ಎನ್ನುತ್ತಾರೆ, ಇನ್ನೊಬ್ಬರು ವಿಂಡೋಸ್ ಹೊಸದಾಗಿ ಹಾಕಿಸಿ ಎನ್ನುತ್ತಾರೆ. ಮಕ್ಕಳ ಫೋಟೊಗಳೆಲ್ಲ ಅದರಲ್ಲಿಯೇ ಇವೆ. ನಾನು ಏನು ಮಾಡಬೇಕು?

ಉತ್ತರ: ಇಬ್ಬರ ಸಲಹೆಯನ್ನೂ ಸದ್ಯಕ್ಕೆ ಬದಿಗಿಡಿ. ನೀವು ಬರೆದಿರುವ ಲಕ್ಷಣಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಮಾತನಾಡುತ್ತಿರುವುದು ಕಪ್ಪು ಪರದೆಯೂ ಅಲ್ಲ, ನೀಲಿ ಪರದೆಯೂ ಅಲ್ಲ. ಕೊನೆಯಲ್ಲಿ ‘ಮಾತ್ರ’ ಎಂದು ಸೇರಿಸಿ ಹೇಳಿರುವ ಆ ಗಡಿಯಾರ. ಅದರ ಬಗ್ಗೆ ಮುಂದೆ ವಿವರವಾಗಿ ಬರೆಯುತ್ತೇನೆ. ಅದಕ್ಕೆ ಮೊದಲು ಆಗಲೇಬೇಕಾದ ಒಂದು ಕೆಲಸವಿದೆ.

ಕಂಪ್ಯೂಟರ್ ಮುಂದಿನ ಸಲ ಸರಿಯಾಗಿ ಚಾಲೂ ಆದ ದಿನ, ಬೇರೇನನ್ನೂ ಮುಟ್ಟದೆ, ಫೋಟೊಗಳನ್ನು ಹೊರಗಿನ ಹಾರ್ಡ್ ಡಿಸ್ಕ್ ಒಂದಕ್ಕೆ ನಕಲು ಮಾಡಿಕೊಳ್ಳಿ. ನಕಲಾದ ಮೇಲೆ ಅವುಗಳಲ್ಲಿ ನಾಲ್ಕೈದನ್ನು ಹೊರಗಿನ ಡಿಸ್ಕಿನಿಂದಲೇ ತೆರೆದು ನೋಡಿ; ಹೆಸರು ಕಾಣಿಸಿತೆಂದ ಮಾತ್ರಕ್ಕೆ ಚಿತ್ರ ಸರಿಯಾಗಿ ಬಂದಿದೆ ಎಂದಲ್ಲ. ಇದರ ಜೊತೆಗೆ, ನಿಮ್ಮ ವಿಂಡೋಸಿನಲ್ಲಿ ಬಿಟ್‌ಲಾಕರ್ ಅಥವಾ ‘ಡಿವೈಸ್ ಎನ್‌ಕ್ರಿಪ್ಷನ್’ (ಡಿಸ್ಕಿನಲ್ಲಿರುವುದನ್ನೆಲ್ಲ ಗುಟ್ಟುಲಿಪಿಗೆ ತಿರುಗಿಸಿ ಬೀಗ ಹಾಕುವ ಸೌಲಭ್ಯ) ಚಾಲ್ತಿಯಲ್ಲಿದೆಯೇ ಎಂದು ಸೆಟ್ಟಿಂಗ್ಸಿನಲ್ಲಿ ನೋಡಿಕೊಳ್ಳಿ. ಇದ್ದರೆ ಅದಕ್ಕೊಂದು 48 ಅಂಕೆಗಳ ರಿಕವರಿ ಕೀ ಇರುತ್ತದೆ, ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗುವವರಿಗೆ ಅದು ಸಾಮಾನ್ಯವಾಗಿ ಆ ಖಾತೆಯಲ್ಲಿಯೇ ಉಳಿದಿರುತ್ತದೆ. ಅದನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಬಯೋಸ್ (ವಿಂಡೋಸಿಗಿಂತ ಮೊದಲು ಎದ್ದು ಯಂತ್ರವನ್ನು ಸಜ್ಜುಗೊಳಿಸುವ ತಂತ್ರಾಂಶ) ಸೆಟ್ಟಿಂಗ್ ಬದಲಾದರೆ ವಿಂಡೋಸ್ ಆ ಕೀ ಕೇಳಬಹುದು. ಆ ಹೊತ್ತಿನಲ್ಲಿ ಕೀ ಕೈಯಲ್ಲಿಲ್ಲದಿದ್ದರೆ ಫೋಟೊಗಳು ಡಿಸ್ಕಿನಲ್ಲಿ ಭದ್ರವಾಗಿದ್ದೂ ನಿಮ್ಮ ಪಾಲಿಗೆ ಇಲ್ಲದಂತೆ ಆಗುತ್ತವೆ.

ಇನ್ನು ರೋಗದ ವಿಚಾರ. ‘ಕಂಪ್ಯೂಟರ್ ಶುರುವಾಗುತ್ತಿಲ್ಲ’ ಎಂಬ ಒಂದೇ ಮಾತಿನೊಳಗೆ ಹಲವು ಬೇರೆ ಬೇರೆ ತೊಂದರೆಗಳು ಅಡಗಿರುತ್ತವೆ, ಏಕೆಂದರೆ ಬಟನ್ ಒತ್ತಿದ ಕ್ಷಣದಿಂದ ಪರದೆಯಲ್ಲಿ ನಿಮ್ಮ ಹೆಸರು ಕಾಣುವವರೆಗೆ ಯಂತ್ರವು ಮೆಟ್ಟಿಲು ಹತ್ತಿದ ಹಾಗೆ ಒಂದಾದ ಮೇಲೊಂದು ಕೆಲಸ ಮುಗಿಸಬೇಕಾಗುತ್ತದೆ. ಗೋಡೆಯ ಸ್ವಿಚ್ ಹಾಕಿರುವಷ್ಟು ಹೊತ್ತೂ ಎಸ್‌ಎಂಪಿಎಸ್ ಎಂಬ ವಿದ್ಯುತ್ ಡಬ್ಬಿ 5 ವೋಲ್ಟಿನ ಸಣ್ಣದೊಂದು ಹರಿವನ್ನು ಮದರ್‌ಬೋರ್ಡಿಗೆ ಕೊಡುತ್ತಲೇ ಇರುತ್ತದೆ. ಬಟನ್ ಒತ್ತಿದಾಗ ಅದು ಪೂರ್ಣವಾಗಿ ಎಚ್ಚೆತ್ತು 3.3, 5 ಮತ್ತು 12 ವೋಲ್ಟುಗಳನ್ನು ಒದಗಿಸಿ, ಅವು ನೆಲೆ ನಿಂತ ಮೇಲೆ ‘ವಿದ್ಯುತ್ ಸರಿಯಾಗಿದೆ’ ಎಂಬ ಸಂಕೇತವನ್ನು ಕಳಿಸುತ್ತದೆ. ಆ ಸಂಕೇತ ಬರುವವರೆಗೆ ಪ್ರೊಸೆಸರನ್ನು ತಡೆದು ನಿಲ್ಲಿಸಲಾಗಿರುತ್ತದೆ. ಆಮೇಲೆ ಮದರ್‌ಬೋರ್ಡಿನ ಚಿಪ್ಪಿನಲ್ಲಿರುವ ಬಯೋಸ್ (ಈಗಿನ ಯಂತ್ರಗಳಲ್ಲಿ ಅದರ ಜಾಗಕ್ಕೆ ಯುಇಎಫ್‌ಐ ಬಂದಿದೆ, ಜನ ಬಯೋಸ್ ಎಂದೇ ಕರೆಯುತ್ತಾರೆ) ಎದ್ದು ರ‍್ಯಾಮ್ (ಯಂತ್ರದ ತಾತ್ಕಾಲಿಕ ನೆನಪು), ಗ್ರಾಫಿಕ್ಸ್, ಕೀಬೋರ್ಡ್, ಡಿಸ್ಕುಗಳನ್ನು ಒಂದೊಂದಾಗಿ ವಿಚಾರಿಸಿಕೊಂಡು, ಕೊನೆಗೆ ಡಿಸ್ಕಿನಲ್ಲಿರುವ, ವಿಂಡೋಸನ್ನು ಎಬ್ಬಿಸುವ ಬೂಟ್‌ಲೋಡರ್ ಎಂಬ ಪುಟ್ಟ ತಂತ್ರಾಂಶಕ್ಕೆ ಕೆಲಸ ಒಪ್ಪಿಸುತ್ತದೆ. ಫ್ಯಾನ್ ತಿರುಗಿತು ಎಂದರೆ ಈ ಪೈಕಿ ಮೊದಲ ಮೆಟ್ಟಿಲಿನ ಅರ್ಧ ಮಾತ್ರ ದಾಟಿದೆ ಎಂದರ್ಥ, ಅದರಿಂದ ಹೆಚ್ಚಿನದೇನನ್ನೂ ಊಹಿಸುವಂತಿಲ್ಲ. (ಅಂದ ಹಾಗೆ, ನೀವು ಸಿಪಿಯು ಎಂದಿರುವ ಪೆಟ್ಟಿಗೆಯ ಹೆಸರು ಕ್ಯಾಬಿನೆಟ್. ಸಿಪಿಯು ಎಂದರೆ ಅದರೊಳಗೆ, ಫ್ಯಾನಿನ ಅಡಿಯಲ್ಲಿ ಕುಳಿತಿರುವ ಚಿಪ್ಪು. ಎಲ್ಲರೂ ಹಾಗೆಯೇ ಕರೆಯುವುದರಿಂದ ಇದು ತಪ್ಪೆಂದು ವಾದಿಸುವುದನ್ನು ನಾನು ಬಿಟ್ಟಿದ್ದೇನೆ, ಆದರೆ ರಿಪೇರಿಯವರಿಗೆ ‘ಸಿಪಿಯು ಕೆಟ್ಟಿದೆ’ ಎಂದು ಫೋನಿನಲ್ಲಿ ಹೇಳಿದರೆ ಅವರು ಬೇರೆಯೇ ಲೆಕ್ಕ ಹಾಕಿಬಿಡುತ್ತಾರೆ.)

ಈಗ ನೀಲಿ ಪರದೆಗೆ ಬರೋಣ, ಏಕೆಂದರೆ ‘ವಿಂಡೋಸ್ ಹೊಸದಾಗಿ ಹಾಕಿಸಿ’ ಎಂಬ ಸಲಹೆ ಹುಟ್ಟಿದ್ದು ಅದನ್ನು ನೋಡಿಯೇ ಇರಬೇಕು. ವಿಂಡೋಸ್ 10 ಮತ್ತು 11ರಲ್ಲಿ, ಚಾಲೂ ಆಗುವ ಪ್ರಯತ್ನ ಎರಡು ಮೂರು ಸಲ ಸತತವಾಗಿ ನಡುವೆಯೇ ಕಡಿದುಹೋದರೆ, ಮುಂದಿನ ಸಲ ಅದು ತಾನಾಗಿಯೇ ದುರಸ್ತಿಯ ಪರದೆಯನ್ನು ತೆರೆಯುತ್ತದೆ. ಪ್ರಯತ್ನ ಕಡಿದುಹೋದದ್ದು ವಿಂಡೋಸಿನ ತಪ್ಪಿನಿಂದಲೋ, ಬಟನ್ನನ್ನು ನಾಲ್ಕು ಸೆಕೆಂಡು ಅದುಮಿ ಹಿಡಿದ ನಿಮ್ಮ ಬೆರಳಿನಿಂದಲೋ ಎಂಬುದು ಅದಕ್ಕೆ ತಿಳಿಯುವುದಿಲ್ಲ. ಹಾಗಾಗಿ ನಿಮ್ಮ ನೀಲಿ ಪರದೆ ಎರಡನೆಯ ರೋಗವಲ್ಲ, ಮೊದಲನೆಯದಕ್ಕೆ ನೀವು ಮಾಡಿಕೊಂಡ ಮನೆಮದ್ದಿನ ಅಡ್ಡಪರಿಣಾಮ ಎಂಬುದು ನನ್ನ ಬಲವಾದ ಅನುಮಾನ. ಇದರಲ್ಲಿ ಇನ್ನೊಂದು ಸುಳಿವೂ ಇದೆ. ಈ ಲೆಕ್ಕವನ್ನು ಇಡುವುದು ಬಯೋಸ್ ಅಲ್ಲ, ವಿಂಡೋಸಿನ ಬೂಟ್‌ಲೋಡರ್. ಅಂದ ಮೇಲೆ ದುರಸ್ತಿಯ ಪರದೆ ಬಂದ ದಿನಗಳಲ್ಲಿ, ಹಿಂದಿನ ಪ್ರಯತ್ನಗಳಲ್ಲಿ ಕೆಲವಾದರೂ ಪರದೆ ಕಪ್ಪಾಗಿದ್ದರೂ ಬಯೋಸನ್ನು ದಾಟಿ ವಿಂಡೋಸಿನವರೆಗೆ ಹೋಗಿದ್ದವು. ಯಂತ್ರ ನಿಧಾನವಾಗಿಯಾದರೂ ನಡೆಯುತ್ತಿದ್ದಾಗ ನೀವು ಅದನ್ನು ಆರಿಸಿದ್ದೀರಿ. ಮದರ್‌ಬೋರ್ಡ್ ‘ಹೋಗಿದೆ’ ಎಂಬ ಮಾತಿಗೆ ಇದು ಒಪ್ಪುವುದಿಲ್ಲ.

ಇದನ್ನು ಖಚಿತ ಮಾಡಿಕೊಳ್ಳಲು ನಾಳೆ ಬೆಳಿಗ್ಗೆಯೇ ಒಂದು ಪರೀಕ್ಷೆ ಮಾಡಬಹುದು. ಬಟನ್ ಒತ್ತಿದ ಮೇಲೆ ಪರದೆ ಕಪ್ಪಾಗಿದ್ದರೂ ಕೈ ಕಟ್ಟಿ ಕುಳಿತು ಗಡಿಯಾರ ನೋಡಿಕೊಂಡು ಪೂರ್ತಿ ಐದು ನಿಮಿಷ ಕಾಯಿರಿ. ಕಾಯುವಾಗ ನಿಮಿಷಕ್ಕೊಮ್ಮೆ ಕೀಬೋರ್ಡಿನ ಕ್ಯಾಪ್ಸ್ ಲಾಕ್ ಕೀಲಿಯನ್ನು ಒತ್ತಿ, ಅದರ ಪುಟ್ಟ ದೀಪ ಹೊತ್ತಿಕೊಳ್ಳುತ್ತದೆಯೇ, ಮತ್ತೆ ಒತ್ತಿದರೆ ಆರುತ್ತದೆಯೇ ಎಂದು ನೋಡಿ. ದೀಪ ಬೆರಳಿನ ಮಾತು ಕೇಳುತ್ತಿದ್ದರೆ ಒಳಗೆ ಪ್ರೊಸೆಸರ್, ರ‍್ಯಾಮ್, ಮದರ್‌ಬೋರ್ಡ್ ಮೂರೂ ಕೆಲಸ ಮಾಡುತ್ತಿವೆ, ನಿಮಗೆ ಚಿತ್ರವಷ್ಟೇ ತಲುಪುತ್ತಿಲ್ಲ. ಆಗ ಮಾನಿಟರಿನ ಕೇಬಲ್ಲು, ಮಾನಿಟರಿನಲ್ಲಿ ಆರಿಸಿರುವ ಇನ್‌ಪುಟ್, ಗ್ರಾಫಿಕ್ಸ್ ಕಾರ್ಡ್ ಇವುಗಳ ಕಡೆ ತಿರುಗಬೇಕು. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇರುವ ಯಂತ್ರದಲ್ಲಿ ಕೇಬಲ್ಲನ್ನು ಆ ಕಾರ್ಡಿಗೇ ಸಿಕ್ಕಿಸಿರಬೇಕು, ಮದರ್‌ಬೋರ್ಡಿನ ಕಿಂಡಿಗಲ್ಲ. ದೀಪ ಏನೇ ಮಾಡಿದರೂ ಅಲುಗದಿದ್ದರೆ ಯಂತ್ರ ಬಯೋಸಿನ ಹಂತದಲ್ಲಿ ತಡವರಿಸುತ್ತಿದೆ. ಮೂರನೆಯ ಸಾಧ್ಯತೆಯೂ ಇದೆ: ಎರಡು ನಿಮಿಷ ಸುಮ್ಮನಿದ್ದು, ನಡುವೆ ತಾನೇ ಒಮ್ಮೆ ಆರಿ ಹೊತ್ತಿ, ಆಮೇಲೆ ಏನೂ ಆಗಿಲ್ಲವೆಂಬಂತೆ ಲೋಗೊ ತೋರಿಸಬಹುದು. ನಿಮ್ಮ ವಿಷಯದಲ್ಲಿ ನಾನು ಹೆಚ್ಚು ನಿರೀಕ್ಷಿಸುತ್ತಿರುವುದು ಇದನ್ನೇ.

ಇಲ್ಲಿಗೆ ಆ ಗಡಿಯಾರ ಬರುತ್ತದೆ. ಮದರ್‌ಬೋರ್ಡಿನ ಮೇಲೆ ನಾಣ್ಯದಂಥ ಒಂದು ಸೆಲ್ ಇರುತ್ತದೆ. ಅದರ ಹೆಸರು ಸಿಆರ್2032. ಹೆಸರಿನಲ್ಲಿಯೇ ಅಳತೆ ಅಡಗಿದೆ: 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ. ಈ 3 ವೋಲ್ಟಿನ ಸೆಲ್ಲಿನ ಕೆಲಸ, ಗೋಡೆಯ ಸ್ವಿಚ್ ಆರಿಸಿರುವಾಗಲೂ ಗಡಿಯಾರ ನಡೆಯುವಂತೆ ನೋಡಿಕೊಳ್ಳುವುದು, ಮತ್ತು ಹಲವು ಬೋರ್ಡುಗಳಲ್ಲಿ ಬಯೋಸಿನ ಸೆಟ್ಟಿಂಗುಗಳನ್ನು ನೆನಪಿನಲ್ಲಿಡುವುದು. ಗೋಡೆಯ ಸ್ವಿಚ್ ಹಾಕಿದ್ದರೆ ಆ 5 ವೋಲ್ಟಿನ ಹರಿವೇ ಈ ಕೆಲಸ ಮಾಡುವುದರಿಂದ ಸೆಲ್ ಮೇಲೆ ಭಾರ ಬೀಳುವುದಿಲ್ಲ, ಸೆಲ್ ಸತ್ತಿದ್ದರೂ ಗೊತ್ತಾಗುವುದಿಲ್ಲ. ಹಾಗಾದರೆ ನಿಮ್ಮನ್ನು ನಾನು ಕೇಳಬೇಕಾದ ಪ್ರಶ್ನೆ ಒಂದೇ: ರಾತ್ರಿ ಕಂಪ್ಯೂಟರ್ ಆರಿಸಿದ ಮೇಲೆ ಗೋಡೆಯ ಸ್ವಿಚ್ಚನ್ನೂ ಆರಿಸುತ್ತೀರಾ? ಹೌದು ಎಂದಾದರೆ ನಿಮ್ಮ ಕಥೆ ಒಂದಕ್ಕೊಂದು ಕೂಡಿಕೊಳ್ಳುತ್ತದೆ. ಆರು ವರ್ಷದ ಸೆಲ್ ಸೋತಿದೆ. ರಾತ್ರಿಯಿಡೀ ವಿದ್ಯುತ್ತಿಲ್ಲದೆ ಬಯೋಸ್ ತನ್ನ ಸೆಟ್ಟಿಂಗುಗಳನ್ನು ಮರೆಯುತ್ತದೆ, ಗಡಿಯಾರ ಹಳೆಯ ದಿನಾಂಕಕ್ಕೆ ಜಾರುತ್ತದೆ. ಬೆಳಿಗ್ಗೆ ಯಂತ್ರವು ರ‍್ಯಾಮನ್ನು ಯಾವ ವೇಗದಲ್ಲಿ ಓಡಿಸಬೇಕು ಎಂಬುದನ್ನು ಮೊದಲಿನಿಂದ ಪರೀಕ್ಷಿಸಿ ತಿಳಿದುಕೊಳ್ಳಲು ತೊಡಗುತ್ತದೆ, ಆ ಹೊತ್ತಿನಲ್ಲಿ ಪರದೆಗೆ ಏನೂ ಬರುವುದಿಲ್ಲ. ಕಾಯಲಾರದೆ ನೀವು ಬಟನ್ ಅದುಮುತ್ತೀರಿ, ಅದು ಮತ್ತೆ ಮೊದಲಿನಿಂದ ತೊಡಗುತ್ತದೆ. ದಿನದ ನಡುವೆ ಆರಿಸಿ ಹಾಕಿದರೆ ತೊಂದರೆ ಇಲ್ಲದಿರುವುದಕ್ಕೂ ಇದೇ ಕಾರಣ. ಬ್ರೌಸರ್ ತೆರೆದಾಗ ‘ನಿಮ್ಮ ಗಡಿಯಾರ ಹಿಂದಿದೆ’ ಎಂಬ ಎಚ್ಚರಿಕೆ ಬಂದು ವೆಬ್‌ಸೈಟುಗಳು ತೆರೆಯದೇ ಹೋದದ್ದು ನಿಮಗೆ ನೆನಪಿದ್ದರೆ, ಅದೂ ಈ ಸೆಲ್ಲಿನದೇ ದೂರು.

ಆದರೆ ಇದೇ ಲಕ್ಷಣಗಳನ್ನು ತೋರಿಸಬಲ್ಲ ಇನ್ನೊಬ್ಬ ಆರೋಪಿ ಇದ್ದಾನೆ, ಅವನೇ ಎಸ್‌ಎಂಪಿಎಸ್. ಅದರೊಳಗಿನ, ವಿದ್ಯುತ್ತನ್ನು ಕೂಡಿಟ್ಟುಕೊಳ್ಳುವ ಕೆಪಾಸಿಟರುಗಳು ವರ್ಷಗಳು ಕಳೆದಂತೆ ಒಣಗಿ ಸೊರಗುತ್ತವೆ, ತಣ್ಣಗಿದ್ದಾಗ ಅವುಗಳ ಶಕ್ತಿ ಇನ್ನೂ ಕಡಿಮೆ. ಬೆಳಗಿನ ಚಳಿಯಲ್ಲಿ ಮೊದಲ ಪ್ರಯತ್ನ ಸೋತು, ನಾಲ್ಕು ಸಲ ಹಾಕಿ ಆರಿಸುವಷ್ಟರಲ್ಲಿ ಒಳಗೆ ಸ್ವಲ್ಪ ಬಿಸಿಯೇರಿ, ಐದನೆಯ ಸಲ ಎಲ್ಲವೂ ಸರಿಹೋಗುವುದು ಹಳೆಯ ಎಸ್‌ಎಂಪಿಎಸ್‌ಗಳ ಚಾಳಿ. ಸೆಲ್ಲೋ ಎಸ್‌ಎಂಪಿಎಸ್ಸೋ ಎಂದು ಹೇಗೆ ತಿಳಿಯುವುದು? ಮೊದಲ ಮೂರು ರಾತ್ರಿ ಕಂಪ್ಯೂಟರನ್ನು ಎಂದಿನಂತೆ ಆರಿಸಿ, ಗೋಡೆಯ ಸ್ವಿಚ್ಚನ್ನು ಮಾತ್ರ ಹಾಗೆಯೇ ಬಿಡಿ. ಮೂರೂ ಬೆಳಿಗ್ಗೆ ಮೊದಲ ಸಲಕ್ಕೇ ಚಾಲೂ ಆದರೆ ಸಂಶಯ ಸೆಲ್ಲಿನ ಮೇಲೆ ಹೆಚ್ಚುತ್ತದೆ, ಆದರೆ ಆ ಸಣ್ಣ ಹರಿವು ಎಸ್‌ಎಂಪಿಎಸ್ಸನ್ನೂ ಬೆಚ್ಚಗಿಟ್ಟಿರುವುದರಿಂದ ತೀರ್ಪು ಕೊಡುವಷ್ಟಲ್ಲ. ಆಮೇಲೆ ಹೊಸ ಸೆಲ್ ಹಾಕಿ, ಗಡಿಯಾರ ಸರಿಪಡಿಸಿ, ಮತ್ತೆ ಮೂರು ರಾತ್ರಿ ಗೋಡೆಯ ಸ್ವಿಚ್ ಆರಿಸಿಡಿ. ಈಗಲೂ ಬೆಳಿಗ್ಗೆ ಸರಿಯಾಗಿ ಬಂದರೆ ಕೆಲಸ ಮುಗಿಯಿತು. ಗಡಿಯಾರ ಸರಿಯಾಗಿದ್ದೂ ಪರದೆ ಕಪ್ಪಾಗಿಯೇ ಇದ್ದರೆ ಎಸ್‌ಎಂಪಿಎಸ್ ಅಥವಾ ರ‍್ಯಾಮ್ ಎಂದು ಮುಂದುವರಿಯಬೇಕು. ವಾರ ಹಿಡಿಯುವ ಪರೀಕ್ಷೆ ಇದು, ನಿಜ. ಆದರೆ ಸೆಲ್, ರ‍್ಯಾಮ್, ಕೇಬಲ್ ಮೂರನ್ನೂ ಒಂದೇ ಸಂಜೆ ಬದಲಿಸಿ ಯಂತ್ರ ಸರಿಹೋದರೆ, ಯಾವುದರಿಂದ ಸರಿಹೋಯಿತು ಎಂಬುದು ತಿಳಿಯದೆ ಮುಂದಿನ ಸಲ ಮತ್ತೆ ಮೂರನ್ನೂ ಬದಲಿಸಬೇಕಾಗುತ್ತದೆ.

ಸೆಲ್ ಬದಲಿಸುವ ಕ್ರಮವನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಮೊದಲು ಬಯೋಸಿನ ಪರದೆಗಳನ್ನು ಫೋನಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಅದರೊಳಗೆ ಹೋಗಲು ಚಾಲೂ ಆಗುವಾಗ ಡಿಲೀಟ್ ಅಥವಾ ಎಫ್2 ಕೀಲಿಯನ್ನು ಒತ್ತುತ್ತಿರಬೇಕು, ಕೆಲವು ಕಂಪನಿಗಳವರದು ಬೇರೆ ಕೀಲಿ. ಫೋಟೊಗಳಲ್ಲಿ ಮುಖ್ಯವಾಗಿ ಬೇಕಾದದ್ದು ಬೂಟ್ ಆಗುವ ಡಿಸ್ಕುಗಳ ಸರದಿ ಮತ್ತು ಡಿಸ್ಕುಗಳ ಮೋಡ್ (ಬೋರ್ಡು ಡಿಸ್ಕಿನೊಡನೆ ಮಾತನಾಡುವ ಬಗೆ) ಎಎಚ್‌ಸಿಐ ಎಂದಿದೆಯೋ ರೇಡ್ ಎಂದಿದೆಯೋ ಎಂಬುದು. ಈ ಮೋಡ್ ಅದಲುಬದಲಾದರೆ ಸರಿಯಾಗಿರುವ ವಿಂಡೋಸ್ ಕೂಡ ತನ್ನ ಡಿಸ್ಕು ಸಿಗದೆ ನೀಲಿ ಪರದೆ ತೋರಿಸಿ ನಿಲ್ಲುತ್ತದೆ, ಮೋಡನ್ನು ಹಿಂದಿನಂತೆ ಮಾಡಿದರೆ ಎದ್ದು ಬರುತ್ತದೆ. ಆಮೇಲೆ ಯಂತ್ರ ಆರಿಸಿ, ವಿದ್ಯುತ್ ಕೇಬಲ್ಲನ್ನು ಹಿಂದಿನಿಂದ ಕಿತ್ತು, ಬಟನ್ನನ್ನು ಹತ್ತು ಸೆಕೆಂಡು ಅದುಮಿ ಹಿಡಿಯಿರಿ. ಒಳಗೆ ಉಳಿದ ವಿದ್ಯುತ್ ಹರಿದುಹೋಗುವಾಗ ಫ್ಯಾನ್ ಕೆಲವೊಮ್ಮೆ ಒಂದು ಸಣ್ಣ ಅರ್ಧ ಸುತ್ತು ಹಾಕುತ್ತದೆ, ಹೆದರಬೇಡಿ. ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹದ ಭಾಗವನ್ನು ಮುಟ್ಟಿ ಕೈಯಲ್ಲಿರುವ ಸ್ಥಿರ ವಿದ್ಯುತ್ತನ್ನು ಕಳೆದುಕೊಳ್ಳಿ. ಸೆಲ್ ಕುಳಿತಿರುವ ಕಪ್ಪು ಬಟ್ಟಲಿನ ಅಂಚಿನಲ್ಲಿ ಒಂದು ಪುಟ್ಟ ಲೋಹದ ನಾಲಗೆ ಇರುತ್ತದೆ. ಅದನ್ನು ಉಗುರಿನಿಂದ ಹೊರಕ್ಕೆ ಸರಿಸಿದರೆ ಸೆಲ್ ತಾನೇ ಮೇಲಕ್ಕೆ ಪುಟಿಯುತ್ತದೆ, ಸ್ಕ್ರೂಡ್ರೈವರಿನಿಂದ ಎಬ್ಬಲು ಹೋಗಿ ಬೋರ್ಡಿಗೆ ಗೀರು ಹಾಕಬೇಡಿ. ಅಕ್ಷರ ಮತ್ತು ಅಧಿಕ ಚಿಹ್ನೆ ಇರುವ ಮುಖ ಮೇಲೆ ಬರುವಂತೆ ಹೊಸದನ್ನು ಕೂರಿಸಿ. ಮಲ್ಟಿಮೀಟರ್ ಇದ್ದರೆ ಹಳೆಯದನ್ನು ಅಳೆದು ನೋಡಿ. ಒಳ್ಳೆಯ ಸೆಲ್ 3 ವೋಲ್ಟಿಗಿಂತ ತುಸು ಮೇಲೆಯೇ ತೋರಿಸುತ್ತದೆ, ಎರಡೂವರೆಯ ಆಸುಪಾಸಿಗೆ ಇಳಿದಿದ್ದರೆ ಅದರ ಕಾಲ ಮುಗಿದಿದೆ. ಹಳೆಯ ಸೆಲ್ಲನ್ನು ಮೇಜಿನ ಮೇಲೆ ಬಿಡಬೇಡಿ. ಮಕ್ಕಳು ನುಂಗಿದರೆ ಅದು ಗಂಟಲಿನ ಒಳಭಾಗವನ್ನು ಕೆಲವೇ ಗಂಟೆಗಳಲ್ಲಿ ಸುಡುವಂಥ ವಸ್ತು.

ಅಷ್ಟಕ್ಕೂ ಸರಿಹೋಗದಿದ್ದರೆ ರ‍್ಯಾಮ್ ನೋಡಿ. ಎರಡು ಕಡ್ಡಿಗಳಿದ್ದರೆ ಎರಡನ್ನೂ ತೆಗೆದು ಒಂದನ್ನೇ ಹಾಕಿ ಪರೀಕ್ಷಿಸಿ, ಆಮೇಲೆ ಇನ್ನೊಂದನ್ನು. ನಾಲ್ಕು ಸ್ಲಾಟ್ ಇರುವ ಬೋರ್ಡುಗಳಲ್ಲಿ ಒಂದೇ ಕಡ್ಡಿಗೆ ಸಾಮಾನ್ಯವಾಗಿ ಪ್ರೊಸೆಸರಿನಿಂದ ಎರಡನೆಯ ಸ್ಲಾಟ್ ಸರಿಯಾದ ಜಾಗ, ಕೈಪಿಡಿಯಲ್ಲಿ ಖಚಿತ ಮಾಡಿಕೊಳ್ಳಿ. ಕಡ್ಡಿ ಕೂತಿತು ಎಂದು ನಮಗೆ ಅನ್ನಿಸುವುದಕ್ಕೂ ಅದು ನಿಜವಾಗಿ ಕೂರುವುದಕ್ಕೂ ನಡುವೆ ಒಂದು ‘ಟಕ್’ ಸದ್ದಿನ ಅಂತರವಿದೆ. ಕೆಲವು ಬೋರ್ಡುಗಳಲ್ಲಿ ಕ್ಲಿಪ್ ಒಂದೇ ತುದಿಯಲ್ಲಿರುವುದರಿಂದ ಇನ್ನೊಂದು ತುದಿ ಅರ್ಧ ಮಿಲಿಮೀಟರ್ ಮೇಲೆದ್ದಿದ್ದರೂ ಕಣ್ಣಿಗೆ ಕಾಣುವುದಿಲ್ಲ. ಕಡ್ಡಿಯ ಚಿನ್ನದ ಬಣ್ಣದ ಹಲ್ಲುಗಳನ್ನು ರಬ್ಬರಿನಿಂದ ಉಜ್ಜುವ ರೂಢಿ ಬಹಳ ಹಳೆಯದು. ನಾನು ಅದನ್ನು ಮೆಚ್ಚುವುದಿಲ್ಲ, ಏಕೆಂದರೆ ರಬ್ಬರಿನ ಪುಡಿ ಸ್ಲಾಟಿನೊಳಗೆ ಬಿದ್ದರೆ ಹೊಸ ತೊಂದರೆ, ಒರಟು ರಬ್ಬರಾದರೆ ತೆಳುವಾದ ಲೇಪನವೂ ಸವೆಯುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ತುಸು ಅದ್ದಿದ, ಎಳೆ ಬಿಡದ ಬಟ್ಟೆ ಸಾಕು. ಈ ಹಂತದಲ್ಲಿ ಬೋರ್ಡಿನ ಅಂಚನ್ನೂ ಗಮನಿಸಿ: ಹಲವು ಬೋರ್ಡುಗಳಲ್ಲಿ ಪ್ರೊಸೆಸರ್, ರ‍್ಯಾಮ್, ಗ್ರಾಫಿಕ್ಸ್, ಬೂಟ್ ಎಂದು ಗುರುತಿಸಿದ ನಾಲ್ಕು ಪುಟ್ಟ ದೀಪಗಳಿರುತ್ತವೆ, ಯಂತ್ರ ಎಲ್ಲಿ ಸಿಕ್ಕಿಹಾಕಿಕೊಂಡಿದೆಯೋ ಆ ದೀಪ ಆರದೆ ಉಳಿಯುತ್ತದೆ. ಹಿಂದೆ ಈ ಕೆಲಸವನ್ನು ಬೀಪ್ ಸದ್ದುಗಳು ಮಾಡುತ್ತಿದ್ದವು, ಈಗ ಎಷ್ಟೋ ಕ್ಯಾಬಿನೆಟ್ಟುಗಳಲ್ಲಿ ಆ ಪುಟ್ಟ ಸ್ಪೀಕರೇ ಇರುವುದಿಲ್ಲ. ಇದ್ದರೂ ಸದ್ದಿನ ಅರ್ಥ ಬಯೋಸ್ ತಯಾರಕರಿಂದ ತಯಾರಕರಿಗೆ ಬೇರೆಯಾದ್ದರಿಂದ ಎಲ್ಲಿಯೋ ಓದಿದ ಪಟ್ಟಿಯನ್ನು ನಿಮ್ಮ ಬೋರ್ಡಿಗೆ ಹೊಂದಿಸಬೇಡಿ.

ಎಸ್‌ಎಂಪಿಎಸ್ ಬಗ್ಗೆ ಒಂದು ಎಚ್ಚರಿಕೆ. ಅದನ್ನು ಎಂದಿಗೂ ಬಿಚ್ಚಬೇಡಿ. ಕೇಬಲ್ ಕಿತ್ತ ಮೇಲೂ ಅದರ ದೊಡ್ಡ ಕೆಪಾಸಿಟರಿನಲ್ಲಿ ಪ್ರಾಣಕ್ಕೆ ಅಪಾಯವಾಗುವಷ್ಟು ವಿದ್ಯುತ್ ಉಳಿದಿರಬಹುದು. ಬಯೋಸಿನೊಳಗೆ ವೋಲ್ಟೇಜ್ ತೋರಿಸುವ ಪುಟವಿದ್ದರೆ 12 ವೋಲ್ಟಿನ ಸಾಲು 11.4 ಮತ್ತು 12.6ರ ನಡುವೆ ಇರಬೇಕು. ಇದ್ದರೂ ಅದು ನಿರ್ದೋಷಿ ಎಂದಾಗಲಿಲ್ಲ, ಏಕೆಂದರೆ ನೀವು ನೋಡುತ್ತಿರುವುದು ಅದು ಎಚ್ಚೆತ್ತ ಮೇಲಿನ ಮುಖವನ್ನು. ಸರಿಯಿದೆ ಎಂದು ಗೊತ್ತಿರುವ ಇನ್ನೊಂದನ್ನು ಹಾಕಿ ಒಂದು ಬೆಳಿಗ್ಗೆ ನೋಡುವುದೇ ಇದಕ್ಕೆ ನಂಬಬಹುದಾದ ಪರೀಕ್ಷೆ.

ವಿಂಡೋಸನ್ನು ನಾನು ಪೂರ್ತಿ ಖುಲಾಸೆ ಮಾಡುತ್ತಿಲ್ಲ. ಯಂತ್ರಾಂಶ ನೆಟ್ಟಗಿದ್ದರೂ ಒಂದೇ ಒಂದು ಕೆಟ್ಟ ಕಡತ ಕಂಪ್ಯೂಟರನ್ನು ಮಲಗಿಸಬಲ್ಲದು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ತಂತ್ರಾಂಶದ ದೋಷಪೂರಿತ ಅಪ್‌ಡೇಟಿನಿಂದ, ಮೈಕ್ರೋಸಾಫ್ಟ್ ಅಂದಾಜಿನಂತೆ, ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆಗೆ ಬಿದ್ದವು, ಅಲ್ಲಿ ಯಾವ ಬಿಡಿಭಾಗವೂ ಕೆಟ್ಟಿರಲಿಲ್ಲ. ಆದರೆ ಅಂಥ ದೋಷ ಬೆಳಿಗ್ಗೆ ಸಂಜೆ ಎಂದು ನೋಡುವುದಿಲ್ಲ, ಪ್ರತಿ ಸಲವೂ ಅದೇ ಜಾಗದಲ್ಲಿ ಬೀಳಿಸುತ್ತದೆ. ನಿಮ್ಮದು ಹಾಗಿಲ್ಲ. ಒಂದನ್ನು ಮಾತ್ರ ಪರೀಕ್ಷಿಸಬಹುದು: ವಿಂಡೋಸ್ 8ರಿಂದ ಈಚೆಗೆ ‘ಶಟ್ ಡೌನ್’ ಕೊಟ್ಟಾಗ ವಿಂಡೋಸ್ ಪೂರ್ತಿ ಮುಚ್ಚಿಕೊಳ್ಳದೆ ತನ್ನ ಒಳಭಾಗದ ಸ್ಥಿತಿಯನ್ನು ಡಿಸ್ಕಿನಲ್ಲಿ ಬರೆದಿಟ್ಟು ಮಲಗುತ್ತದೆ, ‘ರೀಸ್ಟಾರ್ಟ್’ ಕೊಟ್ಟಾಗ ಮಾತ್ರ ಪೂರ್ತಿ ಹೊಸದಾಗಿ ಏಳುತ್ತದೆ. ಫಾಸ್ಟ್ ಸ್ಟಾರ್ಟಪ್ ಎಂಬ ಈ ಸೌಲಭ್ಯವನ್ನು ಪವರ್ ಆಪ್ಷನ್ಸಿನಲ್ಲಿ ತೆಗೆದುಹಾಕಿ ನೋಡಿ. ಲೋಗೊ ಬಂದ ಮೇಲೆ ಪರದೆ ಕಪ್ಪಾಗುವ ಕೆಲವು ಪ್ರಕರಣಗಳು ಇಷ್ಟರಿಂದಲೇ ಗುಣವಾಗುತ್ತವೆ. ದುರಸ್ತಿಯ ಪರದೆ ಮತ್ತೆ ಬಂದರೆ ಗಾಬರಿಯಲ್ಲಿ ‘ರೀಸೆಟ್’ ಒತ್ತಬೇಡಿ. ಸುಧಾರಿತ ಆಯ್ಕೆಗಳಲ್ಲಿ ಮೊದಲು ‘ಕಂಟಿನ್ಯೂ’ ಕೊಟ್ಟು ವಿಂಡೋಸಿಗೆ ಹೋಗಲು ಸಾಧ್ಯವೇ ನೋಡಿ, ಇಲ್ಲವಾದರೆ ಸ್ಟಾರ್ಟಪ್ ರಿಪೇರಿ, ಅದೂ ಸೋತರೆ ಇತ್ತೀಚಿನ ಅಪ್‌ಡೇಟ್ ತೆಗೆಯುವ ಆಯ್ಕೆ. ‘ನನ್ನ ಕಡತಗಳನ್ನು ಉಳಿಸಿಕೊಳ್ಳಿ’ ಎಂಬ ಬಗೆಯ ರೀಸೆಟ್ ಕೂಡ ನೀವು ಹಾಕಿಕೊಂಡ ತಂತ್ರಾಂಶಗಳನ್ನೆಲ್ಲ ಅಳಿಸುತ್ತದೆ.

ಡಿಸ್ಕಿನಿಂದ ಲಯಬದ್ಧವಾಗಿ ಟಿಕ್ ಟಿಕ್ ಸದ್ದು ಬರುತ್ತಿದ್ದರೆ ಮಾತ್ರ ಮೇಲೆ ಹೇಳಿದ ಸರದಿಯೆಲ್ಲ ಬದಲಾಗುತ್ತದೆ. ಆಗ ಯಾವ ಪರೀಕ್ಷೆಯನ್ನೂ ಮಾಡದೆ, ಡಿಸ್ಕ್ ತಪಾಸಣೆಯ ಆಜ್ಞೆಯನ್ನೂ ಓಡಿಸದೆ ಯಂತ್ರವನ್ನು ಆರಿಸಿ ದತ್ತಾಂಶ ತೆಗೆಯುವ ತಜ್ಞರಿಗೆ ಒಪ್ಪಿಸಿ. ಸಾಯುತ್ತಿರುವ ಡಿಸ್ಕನ್ನು ಮೂಲೆ ಮೂಲೆಯೂ ಓದಿಸುವುದೆಂದರೆ ಉಳಿದ ಉಸಿರನ್ನೂ ತೆಗೆದಂತೆ. ನಿಮ್ಮ ಯಂತ್ರ ದಿನವಿಡೀ ಚೆನ್ನಾಗಿ ಓಡುತ್ತದೆ ಎಂದಿರುವುದರಿಂದ ಇದರ ಸಂಭವ ಕಡಿಮೆ.

ಕೊನೆಗೆ ಸೆಲ್, ರ‍್ಯಾಮ್, ಎಸ್‌ಎಂಪಿಎಸ್ ಮೂರನ್ನೂ ಬದಲಿಸಿ ನೋಡಿಯೂ ಬೆಳಗಿನ ಹಟ ಬಿಡದಿದ್ದರೆ, ಆಗ ನಿಮ್ಮ ಮೊದಲ ಪರಿಚಯದವರ ಮಾತಿಗೆ ಬೆಲೆ ಬರುತ್ತದೆ: ಉಳಿದಿರುವುದು ಮದರ್‌ಬೋರ್ಡ್. ರಿಪೇರಿಗೆ ಕೊಡುವಾಗ ‘ಶುರುವಾಗುತ್ತಿಲ್ಲ’ ಎಂದಷ್ಟೇ ಹೇಳದೆ, ಐದು ನಿಮಿಷ ಕಾದಾಗ ಏನಾಯಿತು, ಕ್ಯಾಪ್ಸ್ ಲಾಕ್ ದೀಪ ಏನು ಮಾಡಿತು, ಯಾವುದನ್ನು ಯಾವ ದಿನ ಬದಲಿಸಿದಿರಿ ಎಂಬುದನ್ನು ಬರೆದು ಕೊಡಿ. ಡಿಸ್ಕನ್ನು ಬಿಚ್ಚಿ ಮನೆಯಲ್ಲಿಯೇ ಇಟ್ಟುಕೊಂಡು ಉಳಿದದ್ದನ್ನು ಕೊಡುವುದೂ ಸಾಧ್ಯ. ಬಯೋಸಿನವರೆಗೆ ಏಳುತ್ತದೆಯೇ ಎಂದು ಪರೀಕ್ಷಿಸಲು ಡಿಸ್ಕಿನ ಅಗತ್ಯವೇ ಇಲ್ಲ.